ಅಪ್ಪನಿಗೆ ಬಾಡಿಗೆ, ಅಮ್ಮನಿಗೆ ಗೃಹಲಕ್ಷ್ಮಿ: ಕಾನೂನು ಒಪ್ಪಿದರೆ ಸಾಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಬೆಂಗಳೂರಿನಲ್ಲಿ ಒಳ್ಳೆ ಸಂಬಳ, ಅಪ್ಪ ಕಟ್ಟಿಸಿದ ಮನೆಯಲ್ಲೇ ವಾಸ. ಅಪ್ಪನಿಗೆ ಬಾಡಿಗೆ ಕೊಟ್ಟು ಎಚ್‌ಆರ್‌ಎ (ಸಂಬಳದಲ್ಲಿ ಬರುವ ಮನೆಬಾಡಿಗೆ ಭತ್ಯೆ) ತೆರಿಗೆ ವಿನಾಯಿತಿ ತಗೊಳ್ಳಿ, ಅಮ್ಮನ ಹೆಸರಲ್ಲಿ ಗೃಹಲಕ್ಷ್ಮಿಗೂ ಅರ್ಜಿ ಹಾಕಿ, ಎರಡಕ್ಕೂ ಕಾನೂನಿನ ಅಡ್ಡಿಯಿಲ್ಲ ಅಂತ ಆಫೀಸಿನವರು ಹೇಳುತ್ತಿದ್ದಾರೆ. ಇದ್ದವರೂ ಹೀಗೆ ಬಾಚಿಕೊಳ್ಳುವುದು ಸರೀನಾ ಅಂತ ನಿಮಗೆ ಕಸಿವಿಸಿ.

ನಾನು ಹಾಸನದಲ್ಲಿ ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್ ಹಾಕಿಕೊಡುವ ಕೆಲಸ ಮಾಡುತ್ತೇನೆ. ಈ ಕಸಿವಿಸಿ ಇಟ್ಟುಕೊಂಡು ಬರುವವರು ಕಡಿಮೆ. ಅದಕ್ಕೇ ಬರೆಯೋಣ ಅನ್ನಿಸಿತು.

ಮೊದಲು ಬಾಡಿಗೆ ವಿಷಯ. ಮನೆ ಅಪ್ಪನ ಹೆಸರಲ್ಲಿದ್ದು, ನೀವು ನಿಜವಾಗಿ ಬಾಡಿಗೆ ಕೊಡುತ್ತಿದ್ದರೆ ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಹಳೇ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ ಈ ವಿನಾಯಿತಿ, ಹೊಸದರಲ್ಲಿ ಸಿಗುವುದಿಲ್ಲ. ಬಾಡಿಗೆ ವರ್ಷಕ್ಕೆ 1 ಲಕ್ಷ ದಾಟಿದರೆ ಅಪ್ಪನ ಪ್ಯಾನ್ ನಂಬರ್ ಕೊಡಬೇಕು. ಅಪ್ಪ ಅದನ್ನು ತಮ್ಮ ಆದಾಯದಲ್ಲಿ ತೋರಿಸಬೇಕು. ರಿಪೇರಿ, ನಿರ್ವಹಣೆ ಅಂತ ಅವರಿಗೆ 30% ಕಡಿತ ಸಿಗುತ್ತದೆ. ಅವರ ಉಳಿದ ಆದಾಯ ಕಡಿಮೆಯಿದ್ದರೆ ತೆರಿಗೆಯೇ ಬೀಳದಿರಬಹುದು. ಮನೆಯವರ ಲೆಕ್ಕ ಒಟ್ಟಿಗೆ ಇಟ್ಟು ನೋಡಿದರೆ ಲಾಭ ಹೌದು. ಆದರೆ ಇದೇ ನಿಯಮ ಪಕ್ಕದ ರಸ್ತೆಯ ಓನರ್‌ಗೆ ಬಾಡಿಗೆ ಕೊಡುವವನಿಗೂ ಇದೆ. ಓನರ್ ನಿಮ್ಮ ಅಪ್ಪ ಅನ್ನೋ ಒಂದೇ ಕಾರಣಕ್ಕೆ ಅದು ಕಳ್ಳತನ ಆಗುವುದಿಲ್ಲ.

ಕೆಡುವುದು ಬೇರೆ ಕಡೆ. ಬೆಳಿಗ್ಗೆ ಅಪ್ಪನ ಖಾತೆಗೆ 25 ಸಾವಿರ ಹಾಕಿ, ಸಂಜೆ ಅಪ್ಪನ ಫೋನಿನಿಂದಲೇ ವಾಪಸ್ ಹಾಕಿಕೊಳ್ಳುವವರು ಇದ್ದಾರೆ. ಅದೂ ಬೇಡ ಅಂತ ಮಾರ್ಚ್‌ನಲ್ಲಿ ಹನ್ನೆರಡು ರಸೀದಿಗೆ ಒಂದೇ ಪೆನ್ನಲ್ಲಿ, ಒಂದೇ ಸಲ ಅಪ್ಪನ ಸಹಿ ಹಾಕಿಸಿಕೊಂಡು ಬರುವವರೂ ಇದ್ದಾರೆ. ಮುಂಬೈನ ತೆರಿಗೆ ನ್ಯಾಯಮಂಡಳಿ 2017ರಲ್ಲಿ ಇಂಥದ್ದೇ ಒಂದು ಕೇಸ್ ನೋಡಿತು. ತಾಯಿಗೆ ನಗದಲ್ಲಿ ಬಾಡಿಗೆ ಕೊಟ್ಟೆ ಅಂತ ಮಗಳ ವಾದ. ಕೊಟ್ಟಿದ್ದಕ್ಕೂ ಅಲ್ಲಿ ವಾಸ ಇದ್ದದ್ದಕ್ಕೂ ಪುರಾವೆ ಇರಲಿಲ್ಲ. ವಿನಾಯಿತಿ ಸಿಗಲಿಲ್ಲ. ಅಲ್ಲಿ ಓನರ್ ತಾಯಿ ಅನ್ನುವುದು ಅಡ್ಡಿಯಾಗಲಿಲ್ಲ, ಬಾಡಿಗೆ ಕೊಟ್ಟಿದ್ದು ನಂಬುವ ಹಾಗಿರಲಿಲ್ಲ ಅಷ್ಟೇ.

ಹಾಗಾಗಿ ನಾನು ಕೇಳುವುದು ಒಂದೇ: ಕಾಗದದಲ್ಲಿ ಬರೆದದ್ದು ನಿಜವಾಗಿ ನಡೆಯಿತಾ? ನಮ್ಮ ಕಡೆಯದೇ ಉದಾಹರಣೆ ಹೇಳುತ್ತೇನೆ. ಸಕಲೇಶಪುರದ ಬೆಳೆಗಾರ ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ ಬೀಜ ಹಸನು ಮಾಡುವುದು) ಮಾಡಿಸದೆ ಕಾಫಿ ಮಾರಿದರೆ ಅದು ಪೂರ್ತಿ ಕೃಷಿ ಆದಾಯ, ಕೇಂದ್ರದ ತೆರಿಗೆ ಇಲ್ಲ. ತಾನೇ ಕ್ಯೂರಿಂಗ್ ಮಾಡಿ ಮಾರಿದರೆ ಲಾಭದಲ್ಲಿ 25% ವ್ಯಾಪಾರದ ಆದಾಯ ಅಂತ ಲೆಕ್ಕ. ಹುರಿದು ಪುಡಿ ಮಾಡಿ ಮಾರಿದರೆ 40%. ಈ ಲೆಕ್ಕ ನೋಡಿಯೇ ಕ್ಯೂರಿಂಗ್ ಸಹವಾಸ ಬೇಡ ಅಂದುಕೊಂಡವರಿದ್ದಾರೆ. ಮಾಡಲಿ ಬಿಡಿ. ಅವರು ಕ್ಯೂರಿಂಗ್ ಮಾಡದಿರುವುದು ನಿಜ, ಅದಕ್ಕೆ ತಕ್ಕ ಹಾಗೆ ಕಡಿಮೆ ರೇಟಿಗೆ ಮಾರುವುದೂ ನಿಜ.

ಇನ್ನೊಬ್ಬರು ಬಂದಿದ್ದರು. ಬೆಂಗಳೂರಿನಲ್ಲಿ ಸೈಟಿನ ಕಮಿಷನ್ ವ್ಯವಹಾರ. ‘ಆರು ಲಕ್ಷ ಶುಂಠಿಯಲ್ಲಿ ಬಂತು ಅಂತ ಹಾಕಿಬಿಡಿ ಸಾರ್’ ಅಂದರು. ಪಹಣಿ ತೆಗೆಸಿದೆ. ಬೆಳೆ ಕಾಲಂನಲ್ಲಿ ಬೀಳು ಅಂತಿತ್ತು. ಶುಂಠಿ ಅಂದರೆ ಬಿತ್ತನೆ, ಗೊಬ್ಬರ, ಔಷಧಿ, ಆಳು, ಎಲ್ಲದಕ್ಕೂ ದುಡ್ಡು ಸುರಿಯುವ ಬೆಳೆ. ಒಂದು ಬಿಲ್ಲಾದರೂ ಇರಬೇಕಲ್ವಾ? ಒಂದು ಚೀಟಿಯೂ ಇರಲಿಲ್ಲ. ‘ಎಲ್ಲರೂ ಮಾಡ್ತಾರೆ’ ಅಂತ ಬೈದುಕೊಂಡು ಹೋದರು.

ಈಗ ಸರ್ಕಾರದ ಸೌಲಭ್ಯಕ್ಕೆ ಬರೋಣ. ಇಲ್ಲಿ ಕಾಗದ ನಿಜವಾಗಿದ್ದರೂ ಸಾಕಾಗುವುದಿಲ್ಲ, ಇನ್ನೊಂದು ವಿಷಯವೂ ನೋಡಬೇಕು.

ಶಕ್ತಿ ಯೋಜನೆಗೆ ಆದಾಯದ ಮಿತಿ ಇಲ್ಲ. ಬ್ಯಾಂಕ್ ಮ್ಯಾನೇಜರ್ ಮೇಡಂ ಸಾಮಾನ್ಯ ಬಸ್ಸಲ್ಲಿ ಶೂನ್ಯ ಟಿಕೆಟ್ ತಗೊಂಡರೆ ಅದರಲ್ಲಿ ತಪ್ಪು ಹುಡುಕುವುದು ಸುಮ್ನೆ. ಗೆರೆ ಎಳೆಯಬೇಕು ಅನ್ನಿಸಿದಾಗ ಸರ್ಕಾರ ಎಳೆಯುತ್ತದೆ. ಗ್ಯಾಸ್ ಸಬ್ಸಿಡಿಯಲ್ಲಿ 2015ರಲ್ಲಿ ಮೊದಲು ‘ಇದ್ದವರು ನೀವಾಗಿ ಬಿಟ್ಟುಕೊಡಿ’ ಅಂತ ಕೇಳಿದರು. ಆಮೇಲೆ ತೆರಿಗೆ ಲೆಕ್ಕದ ಆದಾಯ 10 ಲಕ್ಷ ದಾಟಿದವರಿಗೆ ಅವರೇ ನಿಲ್ಲಿಸಿದರು. ಶಕ್ತಿಯಲ್ಲಿ ಗೆರೆ ಎಳೆಯದಿರುವುದು ಯೋಚನೆ ಮಾಡಿಯೇ ಮಾಡಿದ್ದು.

ಗೃಹಲಕ್ಷ್ಮಿಯಲ್ಲಿ ಗೆರೆ ಇದೆ. ರೇಷನ್ ಕಾರ್ಡಿನ ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಜಿಎಸ್‌ಟಿ ರಿಟರ್ನ್ಸ್ ಹಾಕುವವರಾಗಿದ್ದರೆ 2,000 ರೂಪಾಯಿ ಇಲ್ಲ. ಮಗನ ಸಂಬಳ ಈ ಗೆರೆಯೊಳಗೆ ಬರುವುದಿಲ್ಲ. ಇದು ನುಸುಳುವ ಸಂದಿ ಅಂತ ನನಗೆ ಅನ್ನಿಸಿಲ್ಲ. ಮಗ ದುಡಿಯುತ್ತಾನೆ ಅಂದ ಮಾತ್ರಕ್ಕೆ ತಾಯಿಯ ಕೈಗೆ ದುಡ್ಡು ಬರುತ್ತದೆ ಅಂತ ಏನಿಲ್ಲ. ಎಷ್ಟೋ ಮನೆಯಲ್ಲಿ ಅಮ್ಮ ಮಾತ್ರೆಗೂ ಮಗನನ್ನೇ ಕೇಳಬೇಕು.

ಬಿಪಿಎಲ್ ಕಾರ್ಡ್ ಮಾತ್ರ ಬೇರೆ. ಈಗ ಅದು ಬೇಕಾಗಿರುವುದು ಅಕ್ಕಿಗಿಂತ ಆಸ್ಪತ್ರೆಗೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ, ಎಪಿಎಲ್‌ನವರಿಗೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ಪ್ಯಾಕೇಜ್ ದರದ 30% ಮಾತ್ರ. ಅದಕ್ಕೆ ಜನ ಕಾರ್ಡ್ ಒಡೆಯುತ್ತಾರೆ. ದುಡಿಯುವ ಮಗನ ಹೆಸರು ತೆಗೆಸಿ ಅಪ್ಪ ಅಮ್ಮ ಇಬ್ಬರದ್ದೇ ಬೇರೆ ಕಾರ್ಡ್. ಮನೆ ಒಂದೇ, ಒಲೆ ಒಂದೇ, ಕಾರ್ಡ್ ಎರಡು. ಅರ್ಜಿಯಲ್ಲಿ ಒಂದಕ್ಷರ ಸುಳ್ಳಿಲ್ಲ ಅಂತ ವಾದಿಸಬಹುದು. ಆದರೆ ಆಹಾರ ಭದ್ರತೆ ಕಾಯ್ದೆಯಲ್ಲಿ ಇಷ್ಟು ಜನಕ್ಕೆ ಅಂತ ಒಂದೊಂದು ರಾಜ್ಯಕ್ಕೂ ಮಿತಿ ಇದೆ, ಅದೂ 2011ರ ಜನಗಣತಿ ಲೆಕ್ಕದಲ್ಲಿ. ಹೊಸ ಅರ್ಜಿಗಳು ಕಾಯುತ್ತಾ ಕೂತಿರುವುದು ಇದಕ್ಕೇ. ನಿಮ್ಮ ಎಚ್‌ಆರ್‌ಎಯಿಂದ ಖಜಾನೆಗೆ ಒಂದಿಷ್ಟು ಕಡಿಮೆ ಬೀಳುತ್ತದೆ. ಒಡೆದು ತಗೊಂಡ ಕಾರ್ಡಿನಿಂದ, ಕ್ಯೂನಲ್ಲಿ ನಿಂತ ಗಾರೆ ಕೆಲಸದವನೊಬ್ಬನ ಸರದಿ ಹಿಂದಕ್ಕೆ ಹೋಗುತ್ತದೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲು ನನ್ನಿಂದಾಗದು. ಕಾರ್ಡ್ ಒಡೆಯುವ ಅರ್ಜಿ ಬರೆದುಕೊಡಿ ಅಂತ ಬಂದರೆ ನಾನು ಬರೆಯುವುದಿಲ್ಲ.

ಅಮ್ಮನ ಕಾರ್ಡ್ ಯಾವುದು ಅಂತ ನೀವು ಬರೆದಿಲ್ಲ. ಎಪಿಎಲ್ ಆಗಿದ್ದು, ಅಪ್ಪ ತೆರಿಗೆ ಕಟ್ಟದವರಾದರೆ ಧಾರಾಳವಾಗಿ ಗೃಹಲಕ್ಷ್ಮಿಗೆ ಹಾಕಿ. ಹಾಕುವ ಮೊದಲು ಬಾಡಿಗೆ ಸೇರಿಸಿ ಅಪ್ಪನ ಲೆಕ್ಕ ಒಮ್ಮೆ ನೋಡಿ. ಆ ಬಾಡಿಗೆಯಿಂದ ಅವರಿಗೆ ತೆರಿಗೆ ಬಿತ್ತು ಅಂದರೆ ಅಮ್ಮನ 2,000 ನಿಲ್ಲುತ್ತದೆ. ಆಗ ಒಂದನ್ನು ಬಿಡಬೇಕು. ಬಾಡಿಗೆ ತೋರಿಸದೆ ಎರಡೂ ಇಟ್ಟುಕೊಳ್ಳಿ ಅಂತ ಆಫೀಸಿನವರು ಖಂಡಿತ ಹೇಳುತ್ತಾರೆ, ಅದನ್ನು ಕೇಳಬೇಡಿ. ಕಾರ್ಡ್ ಬಿಪಿಎಲ್ ಆಗಿದ್ದು ಅದರಲ್ಲಿ ನಿಮ್ಮ ಹೆಸರೂ ಇದ್ದರೆ, ಗೃಹಲಕ್ಷ್ಮಿ ಆಮೇಲಿನ ಮಾತು. ಮೊದಲು ಆಹಾರ ಇಲಾಖೆಗೆ ಹೋಗಿ ಅದನ್ನು ಎಪಿಎಲ್ ಮಾಡಿಸಿ.