ಗಂಗಾವತಿಯ ಕಿವುಡ ಮಕ್ಕಳ ಸಂಸ್ಥೆಯೊಂದರಲ್ಲಿ ಸಂಯೋಜಕ ಹುದ್ದೆ ಸಿಕ್ಕಿದೆ, ಸನ್ನೆ ಭಾಷೆ ಬರುವುದಿಲ್ಲ. ಇವರು ನಡೆಸುತ್ತಿರುವುದು ಸೇವೆಗೋ ದುಡ್ಡಿಗೋ ಹೇಗೆ ತಿಳಿಯುವುದು?

ನಿಮಗೆ ಗಂಗಾವತಿ, ನನಗೆ ರಾಯಚೂರು, ಅಷ್ಟೇ ವ್ಯತ್ಯಾಸ. ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಎಂಎಸ್‌ಡಬ್ಲ್ಯೂ ಮುಗಿಸಿ ನಾನೂ ಇದೇ ಹುದ್ದೆಗೆ ಸೇರಿದ್ದೆ. ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳು, 40 ಮಕ್ಕಳು. ಸಿಬ್ಬಂದಿಯನ್ನು ಆರಿಸುವುದೂ ನನ್ನ ಪಾಲಿಗೇ ಬಂತು. ತಪ್ಪಾಗಿದ್ದು ಅಲ್ಲೇ.

ಇದ್ದ ಹುದ್ದೆಗಳಿಗೆಲ್ಲ ಕಿವಿ ಕೇಳುವವರನ್ನೇ ತಗೊಂಡೆ. ಸನ್ನೆ ಭಾಷೆ ಕಲಿಸುವ ಡಿಪ್ಲೊಮಾ ಮಾಡಿದ್ದ ಕಿವುಡ ಹುಡುಗನೊಬ್ಬ ಶಿಕ್ಷಕನ ಕೆಲಸಕ್ಕೆ ಅರ್ಜಿ ಹಾಕಿದ್ದ. ಇವನು ತಂದೆ-ತಾಯಿಗಳ ಜೊತೆ ಹೇಗೆ ಮಾತಾಡ್ತಾನೆ ಅಂದುಕೊಂಡು ಅವನಿಗೆ ಜವಾನನ ಕೆಲಸ ಕೊಟ್ಟೆ. ಉಪಕಾರ ಮಾಡಿದೆ ಅಂತಲೇ ನಂಬಿದ್ದೆ.

ಮುಂದೆ ಒಂದು ಶಿಬಿರ. ಒಂದೇ ದಿನದಲ್ಲಿ 40 ಮಕ್ಕಳ ಎರಡೂ ಕಿವಿಗೆ ಕೇಳಿಸುವ ಮಷೀನು (ಶ್ರವಣ ಸಾಧನ) ಹಾಕಿ, ಫೋಟೊ ತೆಗೆಸಿ ಕಳಿಸಿದೆವು. ಹಾಕಿದ್ದು ಡಬ್ಬಿಯಲ್ಲಿ ಬಂದ ಸಿದ್ಧ ರಬ್ಬರ್ ತುದಿ. ಮಗುವಿನ ಕಿವಿಯ ಅಳತೆಗೆ ಮಾಡಿಸಿದ ಮೋಲ್ಡ್ ಅಲ್ಲ. ತುದಿ ಸಡಿಲ ಇದ್ದರೆ ಮಷೀನು ದೊಡ್ಡದು ಮಾಡಿದ ಸದ್ದು ಹೊರಗೆ ಸೋರಿ, ತಿರುಗಿ ಅದರ ಮೈಕಿಗೇ ಹೋಗುತ್ತದೆ. ಆಗ ಕುಯ್ ಎಂದು ಕೂಗುತ್ತದೆ. ಕೂಗು ನಿಲ್ಲಲಿ ಅಂತ ನಮ್ಮ ಕಾರ್ಯಕರ್ತರು ವಾಲ್ಯೂಮ್ ಇಳಿಸಿದರು. ಇಳಿಸಿದ ಮೇಲೆ ಆ ಮಗುವಿಗೆ ಅದು ಕಿವಿಗೆ ತೂಗುಹಾಕಿದ ಭಾರ ಮಾತ್ರ.

ಸರಿಯಾದ ಕ್ರಮ ಇದು: ಕಿವಿಯ ನಾಳದೊಳಗೆ ಎರಡನೇ ತಿರುವು ದಾಟಿಸಿ ದಾರ ಕಟ್ಟಿದ ಹತ್ತಿಯ ತಡೆ ಇಡಬೇಕು, ಸಿರಿಂಜಿನಿಂದ ಸಿಲಿಕೋನ್ ತುಂಬಬೇಕು, ಅದು ಗಟ್ಟಿಯಾದ ಮೇಲೆ ತೆಗೆದು ಲ್ಯಾಬಿಗೆ ಕಳಿಸಬೇಕು. ಮೋಲ್ಡ್ ಬಂದ ಮೇಲೆ ಮಗುವಿನ ಆಡಿಯೊಗ್ರಾಮ್ (ಯಾವ ಸದ್ದು ಎಷ್ಟು ಕೇಳುತ್ತದೆ ಎಂಬ ಪರೀಕ್ಷೆಯ ನಕ್ಷೆ) ನೋಡಿ ಮಷೀನನ್ನು ಹೊಂದಿಸಬೇಕು. ಅಂದರೆ ಒಂದು ಮಗುವಿಗೆ ಕನಿಷ್ಠ ಎರಡು ಭೇಟಿ. ಕಿವಿ ಬೆಳೆಯುತ್ತದೆ, ಹಾಗಾಗಿ ಐದು ವರ್ಷದೊಳಗಿನ ಮಕ್ಕಳಿಗೆ ಮೂರರಿಂದ ಆರು ತಿಂಗಳಿಗೊಮ್ಮೆ ಹೊಸ ಮೋಲ್ಡ್ ಬೇಕು. ಒಂದು ದಿನದ ಶಿಬಿರದಲ್ಲಿ ಇದು ಮುಗಿಯುವ ಕೆಲಸವೇ ಅಲ್ಲ.

ಬ್ಯಾಟರಿಯದು ಇನ್ನೊಂದು ಲೆಕ್ಕ. 13ನೇ ಸೈಜಿನ ಜಿಂಕ್-ಏರ್ ಸೆಲ್ಲು ಸುಮಾರು ಹತ್ತು ದಿನ ಬರುತ್ತದೆ ಅಂತ ಹಿಡಿಯಿರಿ. ಎರಡು ಕಿವಿಗೆ ತಿಂಗಳಿಗೆ 6, ವರ್ಷಕ್ಕೆ 72. ನಲವತ್ತು ಮಕ್ಕಳಿಗೆ 2,880 ಸೆಲ್ಲು. ನನ್ನ ಬಜೆಟ್ಟಿನಲ್ಲಿ ಬ್ಯಾಟರಿಗೆ ಸೊನ್ನೆ. ಕಿತ್ತಳೆ ಬಣ್ಣದ ಸ್ಟಿಕ್ಕರ್ ಕಿತ್ತ ಮೇಲೆ ಒಂದು ನಿಮಿಷ ಗಾಳಿಗೆ ಬಿಟ್ಟು ಮುಚ್ಚಬೇಕು, ರಾತ್ರಿ ಮಷೀನಿನ ಬ್ಯಾಟರಿ ಬಾಗಿಲು ತೆರೆದಿಡಬೇಕು, ನಮ್ಮ ಬೇಸಿಗೆಯ ಬೆವರಿಗೆ ಮಷೀನನ್ನು ತೇವ ಹೀರುವ ಸಿಲಿಕಾ ಜೆಲ್ ಡಬ್ಬಿಯಲ್ಲಿಡಬೇಕು ಅಂತ ತಾಯಂದಿರಿಗೆ ಯಾರೂ ಹೇಳಿರಲಿಲ್ಲ.

ನಾನು ಜವಾನನ ಕೆಲಸ ಕೊಟ್ಟಿದ್ದ ಆ ಹುಡುಗ ಇದನ್ನು ಎರಡೇ ದಿನದಲ್ಲಿ ಕಂಡುಹಿಡಿದಿದ್ದ. ಚಿಕ್ಕಂದಿನಿಂದ ಅಂಥದೇ ಮಷೀನು ಹಾಕಿಕೊಂಡು ಬೆಳೆದವನು. ನನ್ನ ಟೇಬಲ್ ಮುಂದೆ ನಿಂತು ಕಿವಿ ಮುಟ್ಟಿ, ಬೆರಳು ಅಲುಗಿಸಿ, ಹೊರಗೆ ಕೂತ ಮಕ್ಕಳ ಕಡೆ ತೋರಿಸಿದ. ನನಗೆ ಒಂದೂ ತಿಳಿಯಲಿಲ್ಲ. ತಿಳಿಯಲಿಲ್ಲ ಅನ್ನುವ ಬದಲು ಹೂಂ ಎಂದು ತಲೆ ಆಡಿಸಿದೆ. ಹೇಳಿದ್ದು ಮುಟ್ಟಿತು ಎಂದುಕೊಂಡು ಅವನು ಹೋದ. ಮೂರು ತಿಂಗಳ ಮೇಲೆ ಮನೆಮನೆಗೆ ಹೋದರೆ ಮಷೀನುಗಳು ಟ್ರಂಕಿನಲ್ಲಿ, ದೇವರ ಮಾಡದಲ್ಲಿ. "ಕುಯ್ ಅಂತದ್ರಿ ಸರ, ಹುಡುಗ ಕಿತ್ತಿ ಒಗೀತಾನ" ಅಂದಳು ಒಬ್ಬ ತಾಯಿ. ಅಷ್ಟರಲ್ಲಿ ಅವನು ಕೆಲಸ ಬಿಟ್ಟಿದ್ದ. ಆ ಮಕ್ಕಳಲ್ಲಿ ಕೆಲವರು ಮೂರು-ನಾಲ್ಕು ವರ್ಷದವರು. ಭಾಷೆ ಕೂಡುವ ವಯಸ್ಸು ಅದು, ಕಳೆದ ತಿಂಗಳುಗಳನ್ನು ಯಾರೂ ತಿರುಗಿ ಕೊಡಲಾರರು.

ಸೇವೆಗೋ ದುಡ್ಡಿಗೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನನ್ನ ಮನಸ್ಸು ಶುದ್ಧವಾಗಿಯೇ ಇತ್ತು, ಆ ಸಂಸ್ಥೆಯವರೂ ಕಳ್ಳರಲ್ಲ. ಮಕ್ಕಳಿಗೆ ಆದ ನಷ್ಟ ಮಾತ್ರ ಅದರಿಂದ ಕಡಿಮೆಯಾಗಲಿಲ್ಲ. ಉದ್ದೇಶ ಹುಡುಕಬೇಡಿ, ಸಂಬಳದ ಪಟ್ಟಿ ಕೇಳಿ. ಅದರಲ್ಲಿ ಕಿವುಡರು ಎಷ್ಟು ಜನ, ಯಾವ ಹುದ್ದೆಯಲ್ಲಿ, ಅದೇ ಹುದ್ದೆಯ ಕೇಳುವವರಿಗೆ ಸಮನಾದ ಸಂಬಳವೇ? ಆಡಳಿತ ಮಂಡಳಿಯಲ್ಲಿ ಒಬ್ಬರಾದರೂ ಇದ್ದಾರೆಯೇ? ಬೋರ್ಡಿನ ಮೇಲೆ ಇನ್ನೂ "ಮೂಗ" ಎಂದು ಬರೆದಿದ್ದರೆ ಅಲ್ಲಿ ಕಿವುಡರ ಮಾತು ನಡೆಯುತ್ತಿಲ್ಲ ಅಂತಲೇ ನನ್ನ ತೀರ್ಮಾನ.

12ಎ, 80ಜಿ ಪತ್ರ ತೋರಿಸಿದರೆ ಸಮಾಧಾನಪಡಬೇಡಿ, ಅವು ತೆರಿಗೆಯ ಕಾಗದ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ಇಂಥ ಸಂಸ್ಥೆಗೆ ಬೇರೆಯದೇ ನೋಂದಣಿ ಬೇಕು, ಅದನ್ನು ಕೇಳಿ. ಆಡಿಯಾಲಜಿಸ್ಟ್ (ಕೇಳುವ ಶಕ್ತಿ ಪರೀಕ್ಷಿಸುವ ತಜ್ಞರು) ಮತ್ತು ವಿಶೇಷ ಶಿಕ್ಷಕರಿಗೆ ಭಾರತೀಯ ಪುನರ್ವಸತಿ ಪರಿಷತ್ತು ಕೊಡುವ ನೋಂದಣಿ ಸಂಖ್ಯೆ, ಅಂದರೆ ಸಿಆರ್‌ಆರ್ ಸಂಖ್ಯೆ ಇರಬೇಕು.

"ಸನ್ನೆ ಭಾಷೆಯ ಶಿಕ್ಷಕನಿಗೆ, ದುಬಾಷಿಗೆ ದುಡ್ಡಿಲ್ಲ, ಆಡಳಿತ ವೆಚ್ಚಕ್ಕೆ ಮಿತಿ ಇದೆ" ಅನ್ನುತ್ತಾರೆ. ವಿದೇಶಿ ದೇಣಿಗೆಯಲ್ಲಿ ಆ ಮಿತಿ 2020ರಿಂದ ಶೇ. 20 ಆಗಿರುವುದು ಖರೇ. ಆದರೆ ಶಾಲೆಯ ಶಿಕ್ಷಕರ ಸಂಬಳ ಆ ಲೆಕ್ಕಕ್ಕೆ ಬರುವುದಿಲ್ಲ, ಅದು ಕಾರ್ಯಕ್ರಮದ ವೆಚ್ಚ. ಸನ್ನೆ ಭಾಷೆಯ ಶಿಕ್ಷಕನೂ ಶಿಕ್ಷಕನೇ. ಗಣಿ, ಸ್ಟೀಲ್ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ದುಡ್ಡಿಗೆ ಪ್ರಸ್ತಾವನೆ ಬರೆಯುವಾಗಲೇ ಮೋಲ್ಡ್, ಬ್ಯಾಟರಿ, ಕಿವುಡ ಶಿಕ್ಷಕ ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಹಾಕಿ. ಬರೆಯದ ಸಾಲಿಗೆ ದುಡ್ಡು ಬರುವುದಿಲ್ಲ.

ತಾಯಿ-ತಂದೆಗಳ ಜೊತೆ ಹೇಗೆ ಮಾತಾಡ್ತಾನೆ ಎಂಬ ನನ್ನ ಅನುಮಾನಕ್ಕೆ ಉತ್ತರ ಸುಲಭವಿತ್ತು: ಒಬ್ಬ ಕಿವುಡ ಶಿಕ್ಷಕ, ಒಬ್ಬ ಕೇಳುವ ಕಾರ್ಯಕರ್ತ, ಇಬ್ಬರೂ ಕೂಡಿ ವಾರಕ್ಕೊಂದು ಮನೆ ಭೇಟಿ. ತಾಯಿಗೆ ಮೊದಲು ನೀರು, ಊಟ, ನೋವು, ಹೆದರಿಕೆ, ಯಾರು, ಎಲ್ಲಿ ಕಲಿಸಬೇಕು. "ನೋವು", "ಯಾರು" ಬಾರದ ಮಗು ತನ್ನನ್ನು ಹೊಡೆದವರ, ಮುಟ್ಟಿದವರ ಬಗ್ಗೆ ಮನೆಯಲ್ಲೂ ಹೇಳಲಾರದು, ಪೊಲೀಸರ ಮುಂದೂ ಹೇಳಲಾರದು. ಮನೆಯಲ್ಲೇ ಹುಟ್ಟಿಕೊಂಡ ಸನ್ನೆಗಳನ್ನು ಕಿವುಡ ಶಿಕ್ಷಕರು ನಮಗಿಂತ ಬೇಗ ಹಿಡಿಯುತ್ತಾರೆ, ಅಲ್ಲಿಂದಲೇ ಪಾಠ ಶುರು ಮಾಡುತ್ತಾರೆ. ಸನ್ನೆ ಕಲಿತರೆ ಮಾತು ಬರುವುದಿಲ್ಲ ಎಂದು ಹೆದರುವ ಅಪ್ಪಂದಿರಿಗೆ ದುಡಿದು ತಿನ್ನುವ ಕಿವುಡನೊಬ್ಬ ಎದುರು ಕೂತರೆ ಸಾಕಾಗುತ್ತದೆ.

ನಿಮಗೆ ಸನ್ನೆ ಭಾಷೆ ಬರದಿರುವುದು ಸೇರದಿರಲು ಕಾರಣವಲ್ಲ. ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ 10,000 ಪದಗಳ ವಿಡಿಯೊ ನಿಘಂಟು ಆನ್‌ಲೈನಿನಲ್ಲಿ ಪುಕ್ಕಟೆ ಇದೆ, ಇವತ್ತೇ ಶುರು ಮಾಡಿ. ಆದರೆ ಸೇರುವ ಮುಂಚೆ ಒಂದು ಷರತ್ತು ಹಾಕಿ: ನಿಮ್ಮ ತಂಡದಲ್ಲಿ ಒಬ್ಬ ಕಿವುಡ ಶಿಕ್ಷಕರು ಶಿಕ್ಷಕರ ಸಂಬಳಕ್ಕೇ ಇರಬೇಕು, ಅದು ನಿಮ್ಮ ನೇಮಕದ ಪತ್ರದಲ್ಲಿ ಬರಬೇಕು. ಒಪ್ಪದಿದ್ದರೆ ಬಿಡಿ. ಒಪ್ಪಿದರೆ, ಅವರು ಹೇಳಿದ್ದು ತಿಳಿಯದಾಗ ಕಾಗದ-ಪೆನ್ನು ಮುಂದಿಟ್ಟು ಇನ್ನೊಮ್ಮೆ ಕೇಳಿ, ನನ್ನ ಹಾಗೆ ತಲೆ ಆಡಿಸಬೇಡಿ.