ಪಿ320, ಪಿ365, ಆರ್‌ಎಕ್ಸ್‌ಎಂ, ಎಶಲಾನ್: ಯಾವುದರ ಮ್ಯಾಗಜೀನ್ ಯಾವುದಕ್ಕೆ ಹೊಂದುತ್ತದೆ? ಮೊದಲು ಕೊಳ್ಳಬೇಕಾದ್ದು ಯಾವುದು?

ಗ್ರೀನ್ ಕಾರ್ಡ್ ಬಂದಿದೆ, ಮನೆ ಡಲ್ಲಾಸ್ ಹತ್ತಿರ, ಇದು ಮೊದಲ ಪಿಸ್ತೂಲು. ಸಿಗ್ ಪಿ320 ಕಾಂಪ್ಯಾಕ್ಟ್ ಕೊಂಡು, ಸೇಲ್‌ನಲ್ಲಿರುವ 15 ಗುಂಡಿನ ಮ್ಯಾಗಜೀನ್‌ಗಳನ್ನು (ಹಿಡಿಯೊಳಗೆ ಕೆಳಗಿನಿಂದ ತೂರಿಸುವ, ಗುಂಡು ತುಂಬಿದ ಕೊಳವೆ) ರಾಶಿ ಹಾಕಿಕೊಂಡು, ಮುಂದೆ ಬರೀ ಗ್ರಿಪ್, ಅಂದರೆ ಹಿಡಿ, ಬದಲಿಸುತ್ತಾ ಹೋದರೆ ಸಾಕಲ್ವಾ ಅಂತ ಕೇಳಿದ್ದೀರಿ. ಆ ಮ್ಯಾಗಜೀನ್‌ಗಳು ಈಗಾಗಲೇ ಕಾರ್ಟ್‌ನಲ್ಲಿದ್ದರೆ ಮೊದಲು ತೆಗೆದುಹಾಕಿ. ಆಮೇಲೆ ಮುಂದೆ ಓದಿ.

ನಾನು ಮಾಡಿದ್ದು ಅದನ್ನೇ. ನಾನು ವಿರಾಜಪೇಟೆ ಕಡೆಯವನು. ನಮ್ಮ ಮನೆಯಲ್ಲಿ ಇದ್ದದ್ದು ಜೋಡುನಳಿಗೆ ತೋಟಾ ಕೋವಿ. ಮುರಿದು ಎರಡು ತೋಟಾ ಹಾಕಿ ಮುಚ್ಚಿದರೆ ಮುಗಿಯಿತು. ಕೈಲ್ ಮುಹೂರ್ತಕ್ಕೆ ಒರೆಸಿ, ಎಣ್ಣೆ ಹಚ್ಚಿ, ಹೂ ಇಟ್ಟು ಪೂಜೆ ಮಾಡುತ್ತಿದ್ದೆವು. ಮ್ಯಾಗಜೀನ್ ಎಂಬುದರ ಬಗ್ಗೆ ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ. ಟೆಕ್ಸಾಸ್‌ಗೆ ಬಂದು ಪಿಸ್ತೂಲು ಕೊಳ್ಳುವಾಗ ನನ್ನ ಗಮನವೆಲ್ಲ ಪಿಸ್ತೂಲಿನ ಮೇಲೇ ಇತ್ತು. ಟ್ರಿಗರ್ ಹೇಗಿದೆ, ಬ್ಯಾರೆಲ್ ಎಷ್ಟುದ್ದ, ಮೇಲೆ ಗುರಿಗೆ ಕೆಂಪು ಚುಕ್ಕೆ ತೋರಿಸುವ ರೆಡ್ ಡಾಟ್ ಕೂರುತ್ತಾ, ಇಷ್ಟೇ. ಮ್ಯಾಗಜೀನ್ ಜೊತೆಗೆ ಬರುವ ಸಾಮಾನು, ಬೇಕಾದಾಗ ಕೊಂಡರಾಯಿತು ಅಂದುಕೊಂಡಿದ್ದೆ.

ಪಿ320 ಮಾರುಕಟ್ಟೆಗೆ ಬಂದದ್ದು 2014ರಲ್ಲಿ. 2017ರ ಜನವರಿಯಲ್ಲಿ ಅಮೆರಿಕದ ಸೇನೆ ಅದನ್ನೇ ಎಂ17, ಎಂ18 ಎಂಬ ಹೆಸರಲ್ಲಿ ಆರಿಸಿಕೊಂಡಿತು. ಅದರ ಜೀವ ಇರುವುದು ಎಫ್‌ಸಿಯು (ಫೈರ್ ಕಂಟ್ರೋಲ್ ಯೂನಿಟ್) ಅನ್ನುವ ಒಂದು ಸಣ್ಣ ಉಕ್ಕಿನ ಚೌಕಟ್ಟಿನಲ್ಲಿ. ಕಾನೂನಿನ ಕಣ್ಣಿಗೆ ಪಿಸ್ತೂಲು ಅಂದರೆ ಅದೊಂದೇ, ಸೀರಿಯಲ್ ನಂಬರ್ ಇರುವುದೂ ಅದರ ಮೇಲೆಯೇ. ಪಾಲಿಮರ್ ಗ್ರಿಪ್ ಬರೀ ಹೊರಕವಚ. ಮ್ಯಾಗಜೀನ್ ತೆಗೆದು, ಮೇಲಿನ ಜಾರುವ ಭಾಗವಾದ ಸ್ಲೈಡನ್ನು ಹಿಂದಕ್ಕೆ ಎಳೆದು ನಿಲ್ಲಿಸಿ, ಗುಂಡು ಕೂರುವ ಗೂಡು, ಅಂದರೆ ಚೇಂಬರ್, ಖಾಲಿ ಇದೆಯಾ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಬೇಕು. ಪಕ್ಕದ ಲಿವರ್ ತಿರುಗಿಸಿದರೆ ಸ್ಲೈಡ್ ಮುಂದಕ್ಕೆ ಜಾರಿ ಬರುತ್ತದೆ. ಆ ಲಿವರನ್ನೇ ಹೊರಗೆಳೆದರೆ ಎಫ್‌ಸಿಯು ಅಂಗೈಗೆ ಬರುತ್ತದೆ. ಸ್ಪ್ರಿಂಗು, ಸಿಯರ್, ಟ್ರಿಗರ್ ಎಲ್ಲ ಕಾಣುವ ಹಾಗೆ ಕೈಯಲ್ಲಿ ಕೂರುವ ಆ ತುಂಡನ್ನು ನೋಡಿದ ಮೇಲೆ ನನಗೆ ಅನ್ನಿಸಿದ್ದು, ಇನ್ನು ಮುಂದೆ ಎಷ್ಟು ಗ್ರಿಪ್ ಬೇಕಾದರೂ ಕೊಳ್ಳಬಹುದು, ಅಂಗಡಿಯಲ್ಲಿ ಫಾರಂ ತುಂಬುವುದೂ ಇಲ್ಲ, ಹಿನ್ನೆಲೆ ಪರಿಶೀಲನೆಯೂ ಇಲ್ಲ. ಅದು ನಿಜವೇ. ಗ್ರಿಪ್, ಸ್ಲೈಡ್, ಬ್ಯಾರೆಲ್ ನೇರ ಮನೆಗೇ ಪಾರ್ಸೆಲ್ ಬರುತ್ತವೆ.

ಹಾಗಾಗಿ ಕಾಂಪ್ಯಾಕ್ಟ್‌ನಿಂದ ಶುರುಮಾಡಿದೆ. 15ರ ಮ್ಯಾಗಜೀನ್ ಅಗ್ಗಕ್ಕೆ ಸಿಕ್ಕಿತು, ಒಂದು ಡಬ್ಬಿ ತುಂಬ ಕೊಂಡೆ. ರೇಂಜ್‌ನಲ್ಲಿ ಒಂದು ದಿನವೂ ತೊಂದರೆ ಕೊಡಲಿಲ್ಲ. ಆಮೇಲೆ ಗೆಳೆಯನೊಬ್ಬ ಯುಎಸ್‌ಪಿಎಸ್‌ಎ ಪಂದ್ಯಕ್ಕೆ ಕರೆದುಕೊಂಡು ಹೋದ. ಓಡುತ್ತಾ, ತಿರುಗುತ್ತಾ, ಗಡಿಯಾರದ ಎದುರು ಗುರಿ ಹೊಡೆಯುವ ಆಟ ಅದು. ಅಲ್ಲಿ ದೊಡ್ಡ ಹಿಡಿ, ಉದ್ದ ಸ್ಲೈಡ್ ಇದ್ದರೆ ಅನುಕೂಲ. ಫುಲ್ ಸೈಜ್ ಗ್ರಿಪ್ ತರಿಸಿ ಅದೇ ಎಫ್‌ಸಿಯು ಕೂರಿಸಿದೆ. ಎಫ್‌ಸಿಯು ಅದೇ ಅಂದ ಮೇಲೆ ಮ್ಯಾಗಜೀನೂ ಅದೇ ಆಗಬೇಕು, ಇದು ನನ್ನ ಲೆಕ್ಕ.

ಆ ಲೆಕ್ಕ ಯಾಕೆ ತಪ್ಪು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅಂಗಡಿಯಲ್ಲಿ ನನಗೆ ಯಾರೂ ಇದನ್ನು ಹೇಳಲಿಲ್ಲ. ಮ್ಯಾಗಜೀನನ್ನು ಹಿಡಿದು ನಿಲ್ಲಿಸುವುದು ಟ್ರಿಗರ್ ಹಿಂದೆ ಇರುವ ಒಂದು ಗುಂಡಿ, ಮ್ಯಾಗಜೀನ್ ಕ್ಯಾಚ್. ಮ್ಯಾಗಜೀನಿನ ಮೈಮೇಲೆ, ಮೇಲ್ತುದಿಯಿಂದ ಇಷ್ಟು ಕೆಳಗೆ ಅಂತ ಒಂದು ಕಚ್ಚು ಇರುತ್ತದೆ. ಕ್ಯಾಚ್ ಆ ಕಚ್ಚಿಗೆ ಸಿಕ್ಕಿಕೊಳ್ಳಬೇಕು. ಕ್ಯಾಚ್ ಇರುವ ಎತ್ತರ ಎಲ್ಲ ಗ್ರಿಪ್‌ಗಳಲ್ಲೂ ಒಂದೇ. ಬದಲಾಗುವುದು ಕ್ಯಾಚ್‌ನಿಂದ ಕೆಳಗಿನ ಹಿಡಿಯ ಉದ್ದ. 15ರ ಮ್ಯಾಗಜೀನ್ ಗಿಡ್ಡ. ಅದರ ತಳದಲ್ಲಿ ಅಗಲವಾದ ಬೇಸ್ ಪ್ಲೇಟ್ ಇದೆ. ಉದ್ದ ಗ್ರಿಪ್‌ಗೆ ಅದನ್ನು ತೂರಿಸಿದರೆ ಕಚ್ಚು ಕ್ಯಾಚಿನವರೆಗೆ ಏರುವ ಮೊದಲೇ ಬೇಸ್ ಪ್ಲೇಟ್ ಹಿಡಿಯ ಬುಡಕ್ಕೆ ಬಡಿದು ನಿಂತುಬಿಡುತ್ತದೆ. ಬಾವಿ ಆಳ, ಹಗ್ಗ ಗಿಡ್ಡ. ಎಷ್ಟು ಗುದ್ದಿದರೂ ಕ್ಲಿಕ್ ಅನ್ನುವುದಿಲ್ಲ. ಉಜ್ಜಿ ಸರಿಮಾಡುವ ಹಾಗೂ ಇಲ್ಲ, ಇದು ಉದ್ದದ ಪ್ರಶ್ನೆ.

ತಿರುಗಾಮುರುಗಾ ಮಾಡಿ ನೋಡಿ. 17ರ ಮ್ಯಾಗಜೀನನ್ನು ಕಾಂಪ್ಯಾಕ್ಟ್ ಗ್ರಿಪ್‌ಗೆ ಹಾಕಿದರೆ ಕಚ್ಚು ಆರಾಮಾಗಿ ಕ್ಯಾಚಿಗೆ ಸೇರುತ್ತದೆ, ಕೆಳಗೆ ಸ್ವಲ್ಪ ಚಾಚಿಕೊಂಡಿರುತ್ತದೆ ಅಷ್ಟೇ. ಅಂದರೆ ಉದ್ದದ್ದು ಗಿಡ್ಡದಕ್ಕೆ ಹೋಗುತ್ತದೆ, ಗಿಡ್ಡದ್ದು ಉದ್ದದಕ್ಕೆ ಹೋಗುವುದಿಲ್ಲ. ಪಿ320ರಲ್ಲಿ ಸಬ್‌ಕಾಂಪ್ಯಾಕ್ಟ್ 12, ಕಾಂಪ್ಯಾಕ್ಟ್ 15, ಫುಲ್ ಸೈಜ್ 17, ಅದರ ಮೇಲೆ 21. 21ರದ್ದು ಎಲ್ಲಕ್ಕೂ ಆಗುತ್ತದೆ, 12ರದ್ದು ಸಬ್‌ಕಾಂಪ್ಯಾಕ್ಟ್‌ಗೆ ಮಾತ್ರ. ಕ್ಯಾರಿ ಅನ್ನುವ ಮಾಡೆಲ್‌ನಲ್ಲಿ ಸ್ಲೈಡ್ ಕಾಂಪ್ಯಾಕ್ಟ್‌ನದು, ಹಿಡಿ ಫುಲ್ ಸೈಜ್ ಉದ್ದದ್ದು. ಅದಕ್ಕೂ 17ರದ್ದೇ ಬೇಕು. ಸ್ಲೈಡ್ ನೋಡಿ ಮ್ಯಾಗಜೀನ್ ಕೊಳ್ಳುವವರು ಎಡವುವುದು ಇಲ್ಲೇ.

ನನಗೆ ಇದು ಗೊತ್ತಾಗಿದ್ದು ಪಂದ್ಯದಲ್ಲಿ. 17ರದ್ದು ಹೊಸದಾಗಿ ಕೊಂಡದ್ದು ಸ್ವಲ್ಪವೇ ಇತ್ತು, ಹಳೆಯ 15ರದ್ದು ಒಂದು ಬೆಲ್ಟಿನ ಚೀಲದೊಳಗೆ ಸೇರಿಕೊಂಡಿತ್ತು. ಚೀಲದೊಳಗೆ ಇರುವಾಗ ಎರಡರ ತಲೆಯೂ ಒಂದೇ ಥರ ಕಾಣುತ್ತದೆ. ಬಝರ್ ಆಯಿತು, ಮೊದಲ ಮ್ಯಾಗಜೀನ್ ಖಾಲಿಯಾಯಿತು, ಎಡಗೈ ಚೀಲಕ್ಕೆ ಹೋಗಿ ಅದನ್ನೇ ಎಳೆಯಿತು. ಅಂಗೈಯಿಂದ ಗುದ್ದಿದೆ, ಸ್ಲೈಡ್ ಬಿಟ್ಟೆ, ಕೈ ತೆಗೆದೆ. ಮ್ಯಾಗಜೀನ್ ಜಲ್ಲಿಯ ಮೇಲೆ ಬಿತ್ತು. ಚೇಂಬರ್‌ಗೆ ಒಂದು ಗುಂಡೂ ಹೋಗಿರಲಿಲ್ಲ. ಆಟದಲ್ಲಿ ಅಂಕ ಹೋಯಿತು, ಹೋಗಲಿ. ಅದೇ ಪಿಸ್ತೂಲು ರಾತ್ರಿ ಮನೆ ಕಾಯಲು ಅಂತ ತಿಜೋರಿಯಲ್ಲಿ ಇರುತ್ತಿತ್ತು, ಅದೇ ಚೀಲದ ಜೊತೆ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆ 15ರ ಡಬ್ಬಿಯನ್ನು ಕಡೆಗೆ ಡೆನ್ವರ್‌ಗೆ ಹೊರಟಿದ್ದ ಗೆಳೆಯನೊಬ್ಬ ಅರ್ಧ ಬೆಲೆಗೆ ತೆಗೆದುಕೊಂಡ. ಕೊಲರಾಡೊದಲ್ಲಿ 2013ರಿಂದ 15ಕ್ಕಿಂತ ಜಾಸ್ತಿ ಹಿಡಿಯುವ ಮ್ಯಾಗಜೀನ್ ಮಾರುವ ಹಾಗಿಲ್ಲ, ಹಾಗಾಗಿ ಅವನಿಗೆ ಅದೇ ಬೇಕಿತ್ತು.

ಈಗ ನೀವು ಪಟ್ಟಿ ಮಾಡಿದ ಉಳಿದವು. ಪಿ365 2018ರದ್ದು, ಅದಕ್ಕೂ ಎಫ್‌ಸಿಯು ಇದೆ, ಆದರೆ ಅದು ಬೇರೆಯೇ ಎಫ್‌ಸಿಯು. ಪಿ320ರ ಒಂದು ಮ್ಯಾಗಜೀನೂ ಅದಕ್ಕೆ ಆಗುವುದಿಲ್ಲ. ಅದರದೇ ಮನೆಯೊಳಗೆ 10, 12, 15 ಇವೆ, ನಿಯಮ ಅದೇ: ಉದ್ದನೆಯ ಎಕ್ಸ್‌ಎಲ್ ಗ್ರಿಪ್‌ಗೆ 10ರದ್ದು ಏರುವುದಿಲ್ಲ. ಕಂಪನಿ ಒಂದೇ, ಎರಡೂ ಮಾಡ್ಯುಲರ್, ಹಾಗಾಗಿ ಹಂಚಿಕೊಳ್ಳಬಹುದು ಅಂತ ನೀವು ಬರೆದಿದ್ದೀರಿ. ಖಂಡಿತ ಇಲ್ಲ. ಸ್ಪ್ರಿಂಗ್‌ಫೀಲ್ಡ್ ಎಶಲಾನ್ 2023ರಲ್ಲಿ ಬಂತು, ಕ್ರೊಯೇಷಿಯಾದಲ್ಲಿ ತಯಾರಾಗುತ್ತದೆ. ದೊಡ್ಡದಕ್ಕೆ 17 ಮತ್ತು 20, ಕಾಂಪ್ಯಾಕ್ಟ್‌ಗೆ 15 ಮತ್ತು 18. ಕೈಗೆ ಚೆನ್ನಾಗಿ ಕೂರುತ್ತದೆ. ಬೇರೆ ಕಂಪನಿಯವರು ಅದಕ್ಕೆ ಮ್ಯಾಗಜೀನ್ ಮಾಡುವುದು ಗ್ಲಾಕ್ ಕಂಪನಿಯ ಪಿಸ್ತೂಲುಗಳಿಗೆ ಮಾಡುವಷ್ಟು ಇಲ್ಲ.

ರೂಗರ್ ಆರ್‌ಎಕ್ಸ್‌ಎಂ ವಿಷಯ ಬೇರೆ. 2024ರ ಡಿಸೆಂಬರ್‌ನಲ್ಲಿ ರೂಗರ್ ಮತ್ತು ಮ್ಯಾಗ್‌ಪುಲ್ ಸೇರಿ ಬಿಟ್ಟದ್ದು. ಸೀರಿಯಲ್ ನಂಬರಿನ ಉಕ್ಕಿನ ಒಳಭಾಗ ಪಿ320ರ ಹಾಗೆಯೇ ಹೊರಗೆ ಬರುತ್ತದೆ, ಆದರೆ ಅಳತೆಯೆಲ್ಲ ಮೂರನೇ ತಲೆಮಾರಿನ ಗ್ಲಾಕ್ 19ರದ್ದು. ಗ್ಲಾಕ್ 19ರ ಮ್ಯಾಗಜೀನ್, ಗ್ಲಾಕ್ 17ರದ್ದು, 33ರ ಕೋಲಿನಂಥದ್ದು, ಮ್ಯಾಗ್‌ಪುಲ್‌ನ ಪಿಮ್ಯಾಗ್, ಎಲ್ಲ ಹೋಗುತ್ತವೆ. ಗ್ಲಾಕ್ 17 ಬಂದದ್ದು 1982ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಊರೂರಿನ ಅಂಗಡಿಯಲ್ಲೂ ಈ ಮ್ಯಾಗಜೀನ್ ಸಿಗುತ್ತದೆ. ಪಿಮ್ಯಾಗ್ ಸಾಮಾನ್ಯವಾಗಿ 20 ಡಾಲರ್ ಒಳಗೆ, ಸಿಗ್‌ನದು ಅದರ ಎರಡು ಪಟ್ಟಿಗಿಂತ ಜಾಸ್ತಿ. ಒಂದು ಎಚ್ಚರಿಕೆ: ಗ್ಲಾಕ್ 43ಎಕ್ಸ್, 48 ತೆಳ್ಳಗಿನವು, ಅವುಗಳ ಮ್ಯಾಗಜೀನ್ ಇದಕ್ಕೆ ಬಾರದು. ಮನೆಯಲ್ಲಿ ಎಡಗೈಯವರಿದ್ದು ನಾಲ್ಕನೇ ಅಥವಾ ಐದನೇ ತಲೆಮಾರಿನ ಗ್ಲಾಕ್‌ನ ಕ್ಯಾಚ್ ಬದಿ ಬದಲಿಸಿದರೆ ಹಳೆಯ ಒಂದೇ ಕಚ್ಚಿನ ಮ್ಯಾಗಜೀನ್ ನಿಲ್ಲುವುದಿಲ್ಲ.

ಆದರೆ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಒಂದೇ ಎಫ್‌ಸಿಯು, ಅದರಲ್ಲಿ ಮೂರು ಪಿಸ್ತೂಲು, ದುಡ್ಡು ಉಳಿತಾಯ ಅನ್ನುತ್ತೀರಿ. ನಾನು ನೋಡಿದ ಮಟ್ಟಿಗೆ ಯಾರೂ ವಾರವಾರ ಗ್ರಿಪ್ ಬದಲಿಸುವುದಿಲ್ಲ. ಗ್ರಿಪ್, ಸ್ಲೈಡ್, ಹೊಸ ಉದ್ದದ ಮ್ಯಾಗಜೀನ್, ಸೊಂಟಕ್ಕೆ ಕಟ್ಟುವ ಹೋಲ್‌ಸ್ಟರ್ ಎಲ್ಲ ಕೂಡಿದರೆ ಇನ್ನೊಂದು ಪಿಸ್ತೂಲಿನ ಬೆಲೆಗೆ ಹತ್ತಿರ ಬರುತ್ತದೆ. ಒಂದನ್ನು ಬಿಚ್ಚಿಟ್ಟಾಗ ಇನ್ನೊಂದು ಇರುವುದೂ ಇಲ್ಲ. ಗ್ರಿಪ್ ಬದಲಾಗುವ ಗುಣದ ನಿಜವಾದ ಉಪಯೋಗ ಒಂದೇ: ನಿಮ್ಮ ಕೈಗೆ ಸರಿಹೊಂದುವ ಹಿಡಿಯನ್ನು ಒಮ್ಮೆ ಹುಡುಕಿಕೊಳ್ಳುವುದು. ಮನೆಯವರ ಕೈ ಚಿಕ್ಕದಿದ್ದರೆ ಅದು ದೊಡ್ಡ ಉಪಕಾರವೇ. ಅಷ್ಟಕ್ಕೇ ಕೊಳ್ಳಿ, ಸುಮ್ನೆ ಮೂರು ರೂಪದ ಕನಸಿಗೆ ಕೊಳ್ಳಬೇಡಿ.

ನನ್ನನ್ನು ಕೇಳಿದರೆ ಆರ್‌ಎಕ್ಸ್‌ಎಂ ಕೊಳ್ಳಿ, ಇಲ್ಲ ನೇರ ಗ್ಲಾಕ್ 19 ಕೊಳ್ಳಿ. ಕೂಡಿಸುವುದಾದರೆ 17ರ ಮ್ಯಾಗಜೀನ್ ಕೂಡಿಸಿ, ಪಿಸ್ತೂಲಿನ ಜೊತೆ ಬಂದ 15ರದ್ದು ಸೊಂಟಕ್ಕೆ ಸಾಕು. ಪಿ320ರ ಟ್ರಿಗರೇ ಬೇಕು ಅಂದರೆ 17ರಿಂದಲೇ ಶುರುಮಾಡಿ. ಉದ್ದದ್ದನ್ನು ಗಿಡ್ಡ ಗ್ರಿಪ್‌ಗೆ ಹಾಕುವಾಗ ಕೆಳಗೆ ಚಾಚುವ ಭಾಗಕ್ಕೆ ಸ್ಲೀವ್, ಅಂದರೆ ಅದನ್ನು ಸುತ್ತುವ ಕವಚ, ಹಾಕಿ. ಸ್ಲೈಡ್ ಹಿಂದಕ್ಕೆ ನಿಂತಿರುವಾಗ ಜೋರಾಗಿ ಗುದ್ದಿದರೆ, ತಡೆಯಲು ಏನೂ ಇಲ್ಲದೆ ಮ್ಯಾಗಜೀನ್ ಮೇಲಕ್ಕೆ ಹೋಗಿ, ಖಾಲಿ ತೋಟಾವನ್ನು ಹೊರಕ್ಕೆ ಚಿಮ್ಮಿಸುವ ಇಜೆಕ್ಟರ್‌ಗೆ ಬಡಿಯಬಹುದು. ಇಜೆಕ್ಟರ್ ಇರುವುದು ಎಫ್‌ಸಿಯುನಲ್ಲಿ, ಅಲ್ಲಿಗೆ ಪೆಟ್ಟಾದರೆ ಪಿಸ್ತೂಲಿಗೇ ಪೆಟ್ಟು. ಸೆಕೆಂಡ್ ಹ್ಯಾಂಡ್ ಪಿ320 ಆದರೆ 2017ರ ಆಗಸ್ಟ್‌ನಲ್ಲಿ ಕಂಪನಿ ಘೋಷಿಸಿದ ಅಪ್‌ಗ್ರೇಡ್ ಆಗಿದೆಯಾ ನೋಡಿ. ಅದು ಕೆಳಗೆ ಬಿದ್ದಾಗ ಗುಂಡು ಹಾರುವ ಸಮಸ್ಯೆಗೆ ಮಾಡಿದ್ದು. ಟ್ರಿಗರ್ ಮುಟ್ಟದೆಯೇ ಹಾರಿತು ಎಂಬ ಮೊಕದ್ದಮೆಗಳೂ ಈ ಮಾಡೆಲ್ ಮೇಲೆ ಹಲವು ಇವೆ, ಕಂಪನಿ ಅದನ್ನು ಒಪ್ಪಿಲ್ಲ. ಓದಿ, ನೀವೇ ನಿರ್ಧರಿಸಿ.

ನಮ್ಮವರಿಗೆ ಮುಖ್ಯವಾದ ಮಾತು ಇನ್ನೊಂದಿದೆ. ನಮ್ಮ ಕೆಲಸ ನಮ್ಮನ್ನು ಊರೂರು ತಿರುಗಿಸುತ್ತದೆ. ನ್ಯೂಜೆರ್ಸಿ, ನ್ಯೂಯಾರ್ಕ್, ಕ್ಯಾಲಿಫೋರ್ನಿಯಾದಲ್ಲಿ ಮಿತಿ 10. ವಾಷಿಂಗ್ಟನ್ ರಾಜ್ಯದಲ್ಲಿ 2022ರಿಂದ 10ಕ್ಕಿಂತ ದೊಡ್ಡದರ ಮಾರಾಟವಿಲ್ಲ. ನ್ಯೂಜೆರ್ಸಿಯ ಎಡಿಸನ್‌ಗೆ ವರ್ಗವಾಗಿ ಹೋಗುವಾಗ ಸಾಮಾನಿನ ಜೊತೆ 17ರ ಡಬ್ಬಿ ಹೋದರೆ ಅದು ಅಪರಾಧ. ಎರಡು ವರ್ಷದಲ್ಲಿ ಹೊರಡುವ ಸೂಚನೆ ಇದ್ದರೆ ರಾಶಿ ಹಾಕಲೇಬೇಡಿ. ಇದನ್ನು ಓದುವ ಎಚ್-1ಬಿ ಗೆಳೆಯರಿಗೆ: ಹಂಟಿಂಗ್ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ, ಫೆಡರಲ್ ಕಾನೂನಿನಲ್ಲಿ ನೀವು ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ. ರೇಂಜ್‌ಗೆ ಹೋಗುವ ಮೊದಲೂ ವಕೀಲರನ್ನು ಕೇಳಿ.

ರೇಂಜ್‌ಗೆ ಒಯ್ಯುವ ಚೀಲವನ್ನು ಬೇರೆ ಯಾವುದಕ್ಕೂ ಬಳಸಬೇಡಿ. ಊರಿಗೆ ಹೊರಡುವ ಅವಸರದಲ್ಲಿ ಅದೇ ಚೀಲಕ್ಕೆ ಬಟ್ಟೆ ತುಂಬಿದರೆ ಹೊಲಿಗೆಯ ಸಂದಿಯಲ್ಲಿ ಒಂದು ಗುಂಡೋ, ಅಡಿಯಲ್ಲಿ ಖಾಲಿ ಮ್ಯಾಗಜೀನೋ ಉಳಿದಿರುತ್ತದೆ. ಭಾರತದ ಆಯುಧ ಕಾಯ್ದೆಯಲ್ಲಿ ಬಂದೂಕಿನ ಬಿಡಿಭಾಗವೂ ಆಯುಧವೇ. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಮರೆತೆ ಅಂದರೆ ಕೂಡಲೇ ಬಿಟ್ಟುಬಿಡುವುದಿಲ್ಲ, ಪೊಲೀಸ್ ಠಾಣೆಗೆ ಹೋಗಬೇಕಾಗುತ್ತದೆ. ಎದ್ದುಕಾಣುವ ಬಣ್ಣದ, ಬೇರೆ ಯಾವುದಕ್ಕೂ ಹೊಂದದ ಒಂದು ಚೀಲ ಕೊಂಡು, ಅದನ್ನು ಗ್ಯಾರೇಜಿನಿಂದ ಮನೆಯೊಳಗೆ ತರದ ಹಾಗೆ ಅಭ್ಯಾಸ ಮಾಡಿಕೊಳ್ಳಿ.