‘ತತ್ತ್ವಶಾಸ್ತ್ರದ ಪರಿಚಯ’ ಕಳುಹಿಸಿದ ಚಿತ್ರದುರ್ಗದ ಲೇಖಕರಿಗೆ

ಮಾನ್ಯರೇ,

ತತ್ತ್ವಶಾಸ್ತ್ರವನ್ನೂ ಅದರ ಶಾಖೆಗಳನ್ನೂ ಪರಿಚಯಿಸುವ ನಿಮ್ಮ ಒಂಬತ್ತು ಪುಟಗಳ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಬರುವುದಿಲ್ಲ. ಆದರೂ ಆರನೆಯ ಪುಟದ ನಾಲ್ಕು ಸಾಲುಗಳಿಗಾಗಿ ಈ ಪತ್ರ ಬರೆಯುತ್ತಿದ್ದೇನೆ.

‘ಫಿಲಾಸಫಿ’ ಎಂಬ ಗ್ರೀಕ್ ಮೂಲದ ಪದದ ವ್ಯುತ್ಪತ್ತಿಗೆ ಎರಡು ಪುಟ ಕೊಟ್ಟು, ಅನಂತರ ತತ್ತ್ವಮೀಮಾಂಸೆ, ಜ್ಞಾನಮೀಮಾಂಸೆ, ತರ್ಕಶಾಸ್ತ್ರ, ನೀತಿಶಾಸ್ತ್ರ, ಸೌಂದರ್ಯಮೀಮಾಂಸೆ ಎಂದು ಒಂದೊಂದಕ್ಕೂ ವ್ಯಾಖ್ಯೆ ಬರೆದಿದ್ದೀರಿ. ವ್ಯಾಖ್ಯೆಗಳಲ್ಲಿ ತಪ್ಪಿಲ್ಲ; ಆದರೆ ಆ ಪ್ರಶ್ನೆಗಳು ಯಾರಿಗೆ, ಯಾವ ಇಕ್ಕಟ್ಟಿನಲ್ಲಿ ಹುಟ್ಟಿದವು ಎಂಬುದು ಎಲ್ಲಿಯೂ ಕಾಣದಿರುವುದರಿಂದ, ಪರೀಕ್ಷೆಗೆ ಕುಳಿತವರ ಹೊರತು ಬೇರೆಯವರು ಅವನ್ನು ಓದುವುದು ಕಷ್ಟ.

ಆರನೆಯ ಪುಟದಲ್ಲಿ ಮಾತ್ರ ಅದು ಕಾಣುತ್ತದೆ. ಬೆಳಗಿನ ಜಾವ ಮಾಳಿಗೆಯ ಮೇಲಿಂದ ನೋಡಿದಾಗ ಜೋಗಿಮಟ್ಟಿಯ ಕಡೆ ಬೆಳ್ಳಗೆ ಏನೋ ಏಳುತ್ತಿತ್ತು; ಕಾಡಿಗೆ ಬೆಂಕಿ ಬಿದ್ದಿದೆಯೆಂದು ನೀವು ಕೂಗಿಕೊಂಡಿರಿ; ತಂದೆಯವರು ಬಂದು ನೋಡಿ, ಅದು ಮಂಜು ಎಂದರು. ಇಷ್ಟು ಹೇಳಿ ಮುಂದಿನ ವ್ಯಾಖ್ಯೆಗೆ ಹೊರಟುಬಿಟ್ಟಿದ್ದೀರಿ. ಲೇಖನ ಅಲ್ಲಿ ಇನ್ನಷ್ಟು ಹೊತ್ತು ನಿಂತು ಯೋಚಿಸಬೇಕಿತ್ತು. ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆಯಿದೆ, ಅಡುಗೆಮನೆಯಲ್ಲಿರುವಂತೆ ಎಂಬುದು ನಮ್ಮ ತರ್ಕಪರಂಪರೆಯಾದ ನ್ಯಾಯದರ್ಶನದವರು ಅನುಮಾನ ಪ್ರಮಾಣಕ್ಕೆ, ಅಂದರೆ ಕಂಡ ಗುರುತಿನಿಂದ ಕಾಣದ್ದನ್ನು ತಿಳಿಯುವ ಸಾಧನಕ್ಕೆ, ಕೊಡುವ ಹಳೆಯ ಉದಾಹರಣೆ. (ಗ್ಯಾಸ್ ಒಲೆಯ ಈ ಕಾಲದಲ್ಲಿ ನಮ್ಮ ದಾವಣಗೆರೆಯ ಓದುಗರಿಗೆ ಮಂಡಕ್ಕಿ ಭಟ್ಟಿಯ ಹೊಗೆಯನ್ನು ಹೇಳಿದರೆ ಬೇಗ ತಿಳಿಯುತ್ತದೆ.) ಕಂಡದ್ದು ಹೊಗೆಯೋ ಮಂಜೋ ಎಂದು ನಿಶ್ಚಯವಾಗದಿರುವಾಗ ಅದನ್ನೇ ಹೇತುವಾಗಿ, ಎಂದರೆ ಬೆಂಕಿಯಿದೆ ಎನ್ನಲು ಕಾರಣವಾಗಿ, ಹಿಡಿಯುವುದನ್ನು ಬೌದ್ಧ ತಾರ್ಕಿಕರು ‘ಸಂದಿಗ್ಧಾಸಿದ್ಧ’ ಎಂಬ ದೋಷವಾಗಿ ಗುರುತಿಸಿದ್ದರು. ನಿಮ್ಮ ಮಾಳಿಗೆಯ ಮೇಲೆ ನಡೆದದ್ದು ಅದೇ.

ಎಂಟನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮೋತ್ತರ ಇನ್ನೂ ಸೂಕ್ಷ್ಮವಾದ ಸಂದರ್ಭವನ್ನು ಮುಂದಿಟ್ಟ. ಮಾಂಸ ಸುಡಲು ಆಗತಾನೇ ಬೆಂಕಿ ಹೊತ್ತಿಸಿದೆ, ಹೊಗೆ ಇನ್ನೂ ಎದ್ದಿಲ್ಲ; ವಾಸನೆಗೆ ಮುತ್ತಿದ ಕೀಟಗಳ ಹಿಂಡನ್ನು ದೂರದಿಂದ ಹೊಗೆಯೆಂದು ಭ್ರಮಿಸಿದವನು ‘ಅಲ್ಲಿ ಬೆಂಕಿಯಿದೆ’ ಎನ್ನುತ್ತಾನೆ. ಅವನ ಮಾತು ನಿಜ. ಆದರೆ ಅವನಿಗೆ ತಿಳಿದಿತ್ತು ಎನ್ನಬಹುದೇ? ಸಕಾರಣವಾದ ನಿಜನಂಬಿಕೆಯೆಲ್ಲ ಜ್ಞಾನವಾಗುತ್ತದೆಯೇ ಎಂದು 1963ರಲ್ಲಿ ಅಮೆರಿಕದ ತತ್ತ್ವಶಾಸ್ತ್ರಜ್ಞ ಎಡ್ಮಂಡ್ ಗೆಟಿಯರ್ ಮೂರೇ ಪುಟಗಳಲ್ಲಿ ಎತ್ತಿದ ಪ್ರಶ್ನೆಯೂ ಇದೇ ಜಾತಿಯದು.

ಆದ್ದರಿಂದ ‘ಪಾಶ್ಚಾತ್ಯರದು ತರ್ಕ, ನಮ್ಮದು ಅನುಭಾವ’ ಎಂಬ ನಿಮ್ಮ ವಾಕ್ಯವನ್ನು ದಯವಿಟ್ಟು ತೆಗೆದುಹಾಕಿ. ಪ್ರತ್ಯಕ್ಷವೊಂದನ್ನೇ ಪ್ರಮಾಣವೆಂದ ಚಾರ್ವಾಕರಿಂದ ಹಿಡಿದು ಆರು ಪ್ರಮಾಣಗಳನ್ನು ಒಪ್ಪಿದ ಅದ್ವೈತಿಗಳವರೆಗೆ ಶತಮಾನಗಟ್ಟಲೆ ವಾದಿಸಿದವರಿಗೆ ಆ ವಾಕ್ಯ ಅನ್ಯಾಯ ಮಾಡುತ್ತದೆ.

ನೀತಿಶಾಸ್ತ್ರಕ್ಕೂ ನೀವು ದೂರ ಹೋಗಬೇಕಿಲ್ಲ. ನಿಮ್ಮದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, ತಂದೆತಾಯಿಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು ಎಂದು ಅಶೋಕನ ಶಾಸನ ವಿಧಿಸುತ್ತದೆ. ಸತ್ಯ ನುಡಿದರೆ ಒಂದು ಜೀವಕ್ಕೆ ಹಾನಿಯಾಗುವುದಾದರೆ ಈ ವಿಧಿಗಳಲ್ಲಿ ಯಾವುದನ್ನು ಪಾಲಿಸಬೇಕು, ಏಕೆ ಎಂದು ಕೇಳಿದ ಕೂಡಲೇ ಓದುಗರು ನೀತಿಶಾಸ್ತ್ರದ ಒಳಗೇ ಇರುತ್ತಾರೆ. ಉಳಿದ ಶಾಖೆಗಳನ್ನು ಒಂದೆರಡು ಮಾತಿನಲ್ಲಿ ಸೂಚಿಸಿದರೆ ಸಾಕು.

ಒಂಬತ್ತು ಪುಟ ಐದಾಗಲಿ, ಮಾಳಿಗೆಯಿಂದ ಆರಂಭಿಸಿ. ಅದು ಮಂಜೆಂದು ತಂದೆಯವರಿಗೆ ಹೇಗೆ ತಿಳಿಯಿತು ಎಂಬುದನ್ನು ಅವರನ್ನೇ ಕೇಳಿ, ಅವರು ಹೇಳಿದಂತೆಯೇ ಬರೆದು ಕಳುಹಿಸಿ.

ಇಂತು,
ಸಂಪಾದಕ, ದಾವಣಗೆರೆ